ತೂಕದ ಕಲ್ಲು

ಎಂ.ಎ. ಮೊದಲ ಸೆಮಿಸ್ಟರು, ನಾಲ್ಕೇ ಮಂದಿ ನಾವು.
ಸವಣೂರ ಮೇಡಂ ಬೋರ್ಡಿನ ಮೇಲೆ ಬರೆದರು: ಅನುಮಾನ.
ಹೊಗೆ ಕಂಡಲ್ಲಿ ಬೆಂಕಿಯಿದೆಯೆಂದು ತಿಳಿಯುವುದು,
ಅಷ್ಟೇ, ಹೆದರಬೇಡಿ, ಎಂದರು.
ನಾನು ಹೆದರಿರಲಿಲ್ಲ, ನಕ್ಕಿದ್ದೆ.
ನಮ್ಮ ಮನೆಯಲ್ಲಿ ಆ ಶಬ್ದದ ಅರ್ಥ ಬೇರೆ:
ಅಂಗಡಿಯವನ ಮೇಲೆ ಗಿರಾಕಿಗೆ,
ಗಿರಾಕಿಯ ಮೇಲೆ ಅಂಗಡಿಯವನಿಗೆ,
ಇಬ್ಬರ ಮೇಲೂ ಇನ್‌ಸ್ಪೆಕ್ಟರಿಗೆ ಇರುವಂಥದು.
ಅದರಿಂದಲೇ ನಮ್ಮ ಒಲೆ ಉರಿದದ್ದು.

ಹುಬ್ಬಳ್ಳಿ, ದುರ್ಗದಬೈಲಿನ ಹಿಂದಿನ ಓಣಿಯಲ್ಲಿ
ಅಪ್ಪನದು ಒಂದೂವರೆ ಬಾಗಿಲಿನ ಅಂಗಡಿ:
ಪತ್ತಾರ ತಕ್ಕಡಿ ರಿಪೇರಿ.
ಬೆಲ್ಲ, ಉಳ್ಳಾಗಡ್ಡಿ, ಬ್ಯಾಡಗಿ ಮೆಣಸಿನಕಾಯಿ ತೂಗಿ ತೂಗಿ
ಸವೆದ ಕಲ್ಲಿನ ಹೊಟ್ಟೆಯ ತೂತಿಗೆ
ಕಾಯಿಸಿದ ಸೀಸ ಹನಿಸಿ,
ಮಾಸ್ಟರ್ ಕಲ್ಲಿನೆದುರು ಇಟ್ಟು,
ಉಸಿರು ಹಿಡಿದು ಮುಳ್ಳು ನೋಡುತ್ತಾನೆ.
ಆ ಹೊತ್ತು ಯಾರೂ ಕೆಮ್ಮಬಾರದು.

ಎರಡನೇ ಸೆಮಿಸ್ಟರಿಗೆ ಬಂದದ್ದು ಥರ್ಮಾಮೀಟರು.
ಪಾದರಸ ಸಮನಾಗಿ ಹಿಗ್ಗುತ್ತದೆಂದು ಹೇಳಿದವರಾರು?
ಇನ್ನೊಂದು ಥರ್ಮಾಮೀಟರು.
ಅದಕ್ಕೆ ಹೇಳಿದವರು?
ಕೇಳಿ ಮೇಡಂ ಸುಮ್ಮನಾದರು.
ಕಿಟಕಿಯಾಚೆ, ಗುಡ್ಡ ಇಳಿಯುವ ರಸ್ತೆಯಲ್ಲಿ
ಯಾರೋ ಸ್ಕೂಟರು ಒದೆಯುತ್ತಿದ್ದರು, ಚಾಲೂ ಆಗಲೊಲ್ಲದು.
ನವಲಗುಂದದ ಶಮಶಾದ್ ನದಾಫ ಪೆನ್ನು ಕಚ್ಚುತ್ತ ಕೇಳಿದಳು:
'ಹಂಗಾರ ಹ್ವಾದ ವಾರ ನನಗ ಬಂದಿದ್ದ ಜ್ವರ ಖರೇನೋ ಸುಳ್ಳೋ, ಮೇಡಂ?'
ನಕ್ಕೆವು. ಆಮೇಲೆ ಯಾರೂ ನಗಲಿಲ್ಲ.

ಸಂಜೆ ಚಿಗರಿ ಬಸ್ಸು, ನವನಗರದವರೆಗೆ ನಿಂತೇ ಬಂದೆ.
ಚೀಲದಲ್ಲಿ ಝೆರಾಕ್ಸ್ ಹಾಳೆ, ಪುಟಕ್ಕೆ ಮೂರು ಸಲ ಡಿಕ್ಷನರಿ.
ರಾತ್ರಿ ರೊಟ್ಟಿ ಮುರಿಯುತ್ತಿದ್ದವನನ್ನು ಕೇಳಿದೆ:
'ಅಪ್ಪಾ, ನಿನ್ನ ಮಾಸ್ಟರ್ ಕಲ್ಲು ಖರೇ ಅಂತ ಹೆಂಗ ಗೊತ್ತು?'
'ಸಾಹೇಬ್ರು ಮುದ್ರಿ ಹೊಡೀತಾರಲ್ಲ.'
'ಅವರ ಕಲ್ಲು?'
'ಬೆಂಗಳೂರಿಗೆ ಕಳಸ್ತಾರ.'
'ಬೆಂಗಳೂರಿನವರದು?'
'ದಿಲ್ಲಿಗೆ.'
'ದಿಲ್ಲಿಯವರದು?'
ಅಪ್ಪ ರೊಟ್ಟಿ ಕೆಳಗಿಟ್ಟ.
'ಇಂಥಾವೆಲ್ಲ ಮಂದಿಗೆ ಹೇಳಬ್ಯಾಡವ್ವಾ, ಅಂಗಡಿ ನಡೀಬೇಕು.'

ಐತವಾರ ಅರ್ಧ ಬಾಗಿಲು ತೆರೆದು ಕರೆದ.
ಎಡಕ್ಕೆ ಕಲ್ಲು, ಬಲಕ್ಕೆ ಉಸುಕು, ಮುಳ್ಳು ನಡುವೆ ನಿಂತಿತು.
ಅದಲುಬದಲು ಮಾಡಿದ. ಮುಳ್ಳು ಕೂದಲೆಳೆಯಷ್ಟು ಜಾರಿತು.
'ತಕ್ಕಡಿ ಸುಳ್ಳ ಹೇಳಿದ್ರ ಹಿಂಗ ಸಿಕ್ಕಬೀಳ್ತೈತಿ.
ಕಲ್ಲು ಹೇಳಿದ್ರ ಸಿಗೂದಿಲ್ಲ.
ಒಂದಽ ಕಲ್ಲಿನ ಊರಾಗ ಸುಳ್ಳು ಅನ್ನೂದಽ ಇಲ್ಲ,
ಎರಡನೇದು ಬಂದ ಮ್ಯಾಲೆ ಜಗಳ.'

ಆಮೇಲೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ಹೇಳಿದ:
ನಾನು ಆರನೇತ್ತೆ ಇದ್ದಾಗ ಕಿಲೋದ ಹಿತ್ತಾಳೆ ಮಾಸ್ಟರು
ಕೈಜಾರಿ ಕಟ್ಟೆಗೆ ಬಿದ್ದು, ತಲೆಯ ತಿರುಪು ಸಡಿಲಾಗಿ,
ಒಳಗಿನ ಸೀಸದ ಚೂರೊಂದು ಉದುರಿತ್ತು.
ಗೊತ್ತಾದದ್ದು ಎಂಟು ತಿಂಗಳಿಗೆ, ಮುದ್ರೆಯ ದಿನ.
ಅಲ್ಲಿಯವರೆಗೆ ಓಣಿಯ ಕಲ್ಲೆಲ್ಲ ಅದಕ್ಕೇ ಸರಿಯಾಗಿದ್ದವು,
ಎರಡು ಗ್ರಾಂ ಕಡಿಮೆ, ಎಲ್ಲರದೂ, ಒಂದೇ ಸಮ.
'ಆ ಎಂಟು ತಿಂಗಳದಾಗ ಒಬ್ಬ ಗಿರಾಕಿನೂ ತಕರಾರು ಮಾಡಲಿಲ್ಲ,
ಸರಿ ಮಾಡಿದ ಮ್ಯಾಲೆ ಶುರುವಾತು ನೋಡು.'
ಸೀಸದ ಡಬ್ಬಿ ಹೊತ್ತು ಅಂಗಡಿ ಅಂಗಡಿ ತಿರುಗಿದನಂತೆ,
ದೀಪಾವಳಿ ಸರ್ವಿಸ್, ಪುಕ್ಕಟೆ, ಎನ್ನುತ್ತ.
ಆ ದೀಪಾವಳಿ ನನಗೆ ನೆನಪಿದೆ. ಪಟಾಕಿ ಇರಲಿಲ್ಲ.

ಸೆಮಿನಾರಿನಲ್ಲಿ ಹೀಗೆ ಶುರುಮಾಡಿದೆ:
'ಒಂದು ಊರಿದೆ ಎಂದು ಇಟ್ಟುಕೊಳ್ಳೋಣ.
ಅಲ್ಲಿ ಒಂದು ಕಲ್ಲಿದೆ.'
ಊರಿನ ಹೆಸರು ಹೇಳಲಿಲ್ಲ.
ಮೇಡಂ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು.
ಹಾಳೆಯ ಅಂಚಿಗೆ ಕೆಂಪು ಶಾಯಿ:
ಕಲ್ಪನೆ ಚೆನ್ನಾಗಿದೆ. ವಾಸ್ತವದಲ್ಲಿ ಹೀಗಾಗುವುದು ಕಷ್ಟ. ಹದಿನೆಂಟು.

'ಎಷ್ಟಕ್ಕ?' ಅಂದ ಅಪ್ಪ.
'ಇಪ್ಪತ್ತೈದಕ್ಕ.'
ಹಾಳೆಯನ್ನು ಅಂಗೈ ಮೇಲಿಟ್ಟುಕೊಂಡು
ಮೆಲ್ಲಗೆ ಎತ್ತಿದ, ಇಳಿಸಿದ.
'ಇರಬೌದು,' ಅಂದ.