ಓಗ್ಬಾ

ರೆಸಿಡೆನ್ಸಿ ರಸ್ತೆಯ ಪಬ್ಬಿನ ಹಿಂಬದಿ, ಸಿಂಕಿನ ಮುಂದೆ,
ಮೊಣಕೈವರೆಗೆ ಬಿಯರ್ ನೊರೆ.
ಶನಿವಾರ ರಾತ್ರಿ ತಪ್ಪದೆ ಹಾಕುತ್ತಿದ್ದರು ಆ ಹಾಡು.
ಮೊದಲು ಗಿಟಾರು, ಕಬ್ಬಿಣದ ಷಟರ್ ಎಳೆದ ಹಾಗೆ,
ಆಮೇಲೆ ಗಂಟಲು ಹರಿದುಕೊಂಡವನೊಬ್ಬ
ಮೂರು ಸಲ ಕೂಗುತ್ತಿದ್ದ:
ಓಗ್ಬಾ, ಓಗ್ಬಾ, ಓಗ್ಬಾ.

ನಮ್ಮಪ್ಪನ ನಾಲಿಗೆಗೂ ಹಕಾರ ಹತ್ತುತ್ತಿರಲಿಲ್ಲ.
ಬಿನ್ನಿ ಮಿಲ್ಲಿನ ಹತ್ತಿಧೂಳು ಕುಡಿದ ಎದೆ.
ವಿಕ್ಟೋರಿಯಾದಲ್ಲಿ, ಡ್ಯೂಟಿಗೆ ಹೊತ್ತಾಯಿತು ಅಂದರೆ
ಮಲಗಿದಲ್ಲಿಂದಲೇ ಕೈಯಾಡಿಸಿ
ಓಗ್ಬಾ ಅಂದಿದ್ದ.
ಹೋದೆ. ಬಂದೆ.
ಆ ಹಾಸಿಗೆಯಲ್ಲಿ ಬೇರೆ ಯಾರೋ ಬ್ರೆಡ್ ತಿನ್ನುತ್ತಿದ್ದರು.

ಇಂಗ್ಲಿಷ್ ಬಾರದವನಿಗೆ ಅದೊಂದು ಸಾಲು ಬರುತ್ತಿತ್ತು.
ಇಪ್ಪತ್ತಾರು ವರ್ಷ, ಲೆಕ್ಕವಿಡದಷ್ಟು ಶನಿವಾರ,
ಆ ಪರದೇಶಿ ನನ್ನನ್ನು ಕಳಿಸಿಕೊಟ್ಟ,
ಮಗ್ಗು ತೊಳೆಯುತ್ತ ನಾನು ಹೂಂ ಅಂದೆ.

ಮೊನ್ನೆ ಮಗಳು ಸಿಂಚನ ಫೋನಿನಲ್ಲಿ ಹುಡುಕಿ ಓದಿದಳು.
'ಅಪ್ಪಾ, ಅದು ಓಲ್ಡ್ ಬಾರ್!
ಯಾವುದೋ ಹಳೇ ಬಾರು, ಸಾಲ ಉಳಿಸಿಕೊಂಡು
ಓಡಿಹೋದ ಕುಡುಕನ ಕತೆ.'
ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ,
ಅಂಥವರನ್ನು ನಾನು ಕಂಡಿಲ್ಲವೇ.

ಈಗ ಆ ಪಬ್ಬಿಲ್ಲ. ಅಲ್ಲಿ ಕನ್ನಡಕ ಮಾರುತ್ತಾರೆ.
ಸಿಂಚನ ಮತ್ತೊಮ್ಮೆ ಹಾಕಿದಳು,
ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಒಂದನೇ ಕ್ಲಾಸಿನವನಿಗೆ ಕಲಿಸುವ ಹಾಗೆ.
ಕಣ್ಣಿಗೆ ಸರಿಯಾಗಿಯೇ ಕಂಡಿತು, ಓಲ್ಡ್ ಬಾರ್.
ಕಿವಿ ಮಾತ್ರ
ಮಿಲ್ಲಿನ ಕಡೆ ತಿರುಗಿ ಕೂತಿದೆ,
ಹೇಳಿದರೆ ಕೇಳುವುದಿಲ್ಲ.