ವಹಿಯೊಳಗಿನ ಅಳತಿ

ಪತ್ರಿಕೆ ಬಂದು ಮೂರು ದಿನ ಆತು.
ಬೆಟಗೇರಿಯ ನನ್ನ ಅಂಗಡಿ ಕಟ್ಟಿ ಮ್ಯಾಲೆ
ಕೈಯಿಂದ ಕೈಗೆ ದಾಟಿ ಮೂಲಿ ಮುದುಡಿ ಹೋತು.
ಪುಟ ನಲವತ್ತೊಂದು: ನಮ್ಮ ಕಳಕವ್ವ,
ಸೈಕಲ್ಲು ಅಡ್ಡ ಹಿಡಕೊಂಡು,
ಮೈಮ್ಯಾಲೆ ಒಂದೆಳಿ ನೂಲಿಲ್ಲ.

"ಮೆಡಲ್ ತಂದಾಗ ಹಾರ ಹಾಕಿದ್ವಿ. ಈಗೇನು ಹಾಕೂಣು?"
ಅಂದ ನೂಲಿನ ವ್ಯಾಪಾರಿ ವಿರುಪಣ್ಣ.
"ರೊಕ್ಕ ಕೊಟ್ಟಾರ, ಹೊಸಾ ಸೈಕಲ್ ಬಂತು.
ನೀ ಕೊಡಿಸಿದ್ಯೇನು?"
ಅಂದಳು ಗುಂಡಿ ಹಚ್ಚೂ ಶಕುಂತಲಾ, ತಲಿ ಎತ್ತದ.

ಅವರ ನೆತ್ತಿ ಮ್ಯಾಲೆ, ಗ್ವಾಡಿಯೊಳಗ,
ದಾವಲಸಾಬ ಪೈಲ್ವಾನರು ಬರೇ ಲಂಗೋಟಿ ಮ್ಯಾಲೆ
ಮೀಸಿ ತಿರುವಿ ನಿಂತು ಮೂವತ್ತು ವರ್ಷ.
ದಿನಾ ಊದಿನಕಡ್ಡಿ ಹಚ್ಚತೀನಿ.

ನಾನೂ ಏನು ದೊಡ್ಡಾಂವಲ್ಲ.
ಮಗಳು ಚಾ ತಂದಾಗ ಪುಸ್ತಕ ಬೋರಲ ಇಟ್ಟೆ.
ಎಂಟನೇ ಇಯತ್ತೆಯಿಂದ ಆಕಿ ಚಡ್ಡಿ ಹೊಲಿದಾಂವ ನಾನ.
ತೊಡಿ ಹದಿನಾರು ಇದ್ದದ್ದು ಇಪ್ಪತ್ಮೂರಾದದ್ದು
ವಹಿಯೊಳಗೈತಿ, ಪೆನ್ಸಿಲಿನಾಗ.

ನಿನ್ನೆ ಸಂಜಿಕೆ ಆಕಿ ಅವ್ವ ಬಂದಳು.
ಕಟ್ಟಿ ಮಂದಿ ಗಪ್ಪಾದರು.
ಸೆರಗಿಲೆ ಕನ್ನಡಕ ಒರಿಸಿ,
ಪುಟ ಬೆಳಕಿಗೆ ಹಿಡಿದು,
ಮೊಣಕಾಲ ಮ್ಯಾಲೆ ಬೆರಳಿಟ್ಟಳು:
"ಇದು ಬಿಂಕದಕಟ್ಟಿ ಹಾದ್ಯಾಗ ಬಿದ್ದದ್ದು.
ಕಲಿ ಹಂಗ ಉಳದೈತಿ ನೋಡು.
ಎಣ್ಣಿ ಹಚ್ಚ ಅಂದ್ರ ಹಚ್ಚಲಿಲ್ಲ."

ಆಮ್ಯಾಲೆ ಕೇಳಿದಳು, ಸಣ್ಣ ದನಿಲೆ:
"ಫೋಟೋ ತಗಿಯೂ ಖೋಲ್ಯಾಗ
ಥಂಡಿ ಇತ್ತೋ ಏನೋ?"

ವಿರುಪಣ್ಣ ಚಪ್ಪಲಿ ಹುಡುಕಿದ.
ನಾನು ಮಷಿನ್ ತುಳಿಯಾಕ ಹತ್ತಿದೆ,
ಒಂದು ಮಾರು ಅರಿವಿ ಮುಂದ ಸರದ ಮ್ಯಾಲೆ ಕಂಡೆ:
ಸೂಜ್ಯಾಗ ನೂಲ ಇದ್ದಿಲ್ಲ.