ಎಂಬತ್ತೆಂಟು ಎಲ್ಲಿ

ಹಳೆ ದಫ್ತರದಲ್ಲಿ ನೇರಳೆ ಶಾಯಿ:
ಎಂಬತ್ತೇಳು, ಜಿಂಕೆಗೆ ಹುಲ್ಲು ತಿನಿಸುವ ಹೆಣ್ಣು, ಕಾಗದ, ಬಣ್ಣ.
ಎಂಬತ್ತೆಂಟು, ಗಿಡುಗ ಹಿಡಿದ ಸವಾರ, ಅರೆಬರೆ, ಕಾಗದ, ಮಸಿ.
ಅಳತೆ ಎರಡಕ್ಕೂ ಒಂದೇ,
ಗೇಣಿಗೆ ಎರಡು ಬೆರಳು ಕಡಿಮೆ.

ಪಕ್ಕದಲ್ಲಿ ಕೆಂಪು ಪೆನ್ನು, ಬೇರೆ ಕೈ:
'ಸವಾರ ಕಾಣೆ. ತಪಾಸಣೆ ತೊಂಬತ್ತಾರು.
ಕಾವಲುಗಾರ ಝ. ವಿಚಾರಣೆಯಾಗಿದೆ.'

ನನ್ನ ಕೆಲಸ ಇದನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು.
ಹನ್ನೊಂದು ತಿಂಗಳ ಗುತ್ತಿಗೆ, ಬೀದರಿನ ಹಳೆ ಹವೇಲಿ,
ಪಾರಿವಾಳಗಳ ಕೆಳಗೊಂದು ಮೇಜು.
ಒಂದು ಸಂಖ್ಯೆಗೆ ಒಂದು ಚೌಕ,
ಒಂದು ಚೌಕಕ್ಕೆ ಒಂದೇ ಫೋಟೊ.
ಬೆನ್ನು ಎಂಬ ಚೌಕವೇ ಇಲ್ಲ.

ಫೋಟೊಕ್ಕೆಂದೇ ನಿನ್ನೆ ಚೌಕಟ್ಟು ಬಿಚ್ಚಿದೆ.
ತುಕ್ಕು ಮೊಳೆ ಆರು. ರಟ್ಟು. ರಟ್ಟಿನ ಕೆಳಗೆ ಉರ್ದು ಪೇಪರು.
ಅದರ ಕೆಳಗೆ
ಮೂತಿಯಿಲ್ಲದ ಕುದುರೆ, ಒಂದು ಮುಂಗೈ,
ಮುಂಗೈ ಮೇಲೆ
ಕಣ್ಣು ಮಾತ್ರ ಪೂರ್ತಿ ಬರೆದ ಗಿಡುಗ.

ಯಾರೋ ಪುಣ್ಯಾತ್ಮ ಒಂದು ಹಾಳೆಯನ್ನು ಎರಡೆಂದು ಬರೆದ.
ಇನ್ಯಾರೋ ಅದಕ್ಕೆ ಗಾಜು ಹಾಕಿಸಿದ.
ಆಮೇಲೆ ಬಂದವನು ಗೋಡೆ ಎಣಿಸಿ
ಒಂದು ಕಡಿಮೆ ಬಿತ್ತು ಅಂದ.

ಝ. ಅಂದ್ರೆ ಯಾರು ಚಾಚಾ?
ಚಹಾದ ಕಪ್ಪು ಇಡುತ್ತಾ ಗೌಸುದ್ದೀನ್ ಚಾಚಾ:
'ಝರೆಪ್ಪ, ಮತ್ಯಾರು.
ಹದಿನೆಂಟು ವರ್ಸ ಚಾವಿ ಅವನ ಸೊಂಟದಾಗೇ ಇತ್ತು,
ಮತ್ಯಾರಿಗಿ ಹಿಡೀಬೇಕ್ರಿ?
ಮನಿ ತನಕ ಹೋಗಿ ಗಾದಿ ಹರದು ಅರಳಿ ಕಿತ್ತು ನೋಡಿದ್ರು.
ಅವ ಏನೂ ಅನಲಿಲ್ಲ.
ಕಡೀ ದಿನ ಬಂದು ಗಾಜೆಲ್ಲ ಒರಸಿ ಹೋದ.'

ಎಂಬತ್ತೇಳರ ಗಾಜನ್ನೂ.

ಟೈಪು ಮಾಡಿದೆ. ಸಂಖ್ಯೆ: ಎಂಬತ್ತೆಂಟು.
ಇರುವ ಜಾಗ: ಎಂಬತ್ತೇಳರ ಬೆನ್ನಿಗೆ.
ಪರದೆ ಅಂದಿತು:
ಕಾಣೆಯಾದ ವಸ್ತುವಿಗೆ ಜಾಗ ನಮೂದಿಸುವಂತಿಲ್ಲ.
ಮೊದಲು ಸ್ಥಿತಿ ಬದಲಿಸಿ.
ಸ್ಥಿತಿ ಬದಲಿಸಲು ಮೇಲಧಿಕಾರಿಯ ಅನುಮತಿ.
ಷರಾ ಇದ್ದಲ್ಲಿ ಇನ್ನೂರು ಅಕ್ಷರ ಮೀರದಂತೆ.

ಇನ್ನೂರರಲ್ಲಿ ಆ ಗಾದಿಯ ಅರಳೆಯೇ ಹಿಡಿಯಲಿಲ್ಲ.
ಬರೆದೆ, ಅಳಿಸಿದೆ. ಚಹಾ ಆರಿತು.

ಎದ್ದು ಹಾಳೆಯನ್ನು ಕಿಟಕಿಗೆ ಹಿಡಿದೆ.
ಬಿಸಿಲಿಗೆ ಎರಡು ಮೈಯೂ ಒಂದಾಗಿ
ಹೆಣ್ಣಿನ ಹೆಗಲೊಳಗಿಂದ ಗೊರಸು ಎದ್ದಿತ್ತು,
ಜಿಂಕೆ
ಗಿಡುಗದ ಕಣ್ಣಿನಿಂದ ನೋಡುತ್ತಿತ್ತು.

ಸಂಜೆ ಅದೇ ಆರು ಮೊಳೆ ಹೊಡೆದು
ಅದೇ ಗೋಡೆಗೆ ತೂಗುಹಾಕಿದೆ, ಸವಾರ ಈಚೆ.
ಯಾರ ಅನುಮತಿಯನ್ನೂ ಕೇಳಿಲ್ಲ.
ಹುಲ್ಲು ಹಿಡಿದ ಆಕೆ
ಸ್ವಲ್ಪ ದಿನ ಗೋಡೆ ನೋಡಲಿ.